ಅಳ್ವೆಕೋಡಿಯ ಚೌಕಿ, ಪರದೇಶದ ರಂಗಸ್ಥಳ

ಚೈತ್ರದ ಹುಣ್ಣಿಮೆಗೆ ಚಿತ್ರಾಪುರದ ತೇರು. ಅದಕ್ಕೆ ಇನ್ನೊಂದು ವಾರ ಇದೆ ಎನ್ನುವಾಗ ಬೆಳಗಿನ ಆರೂವರೆಗೆ ಶಿರಾಲಿ ಪೇಟೆಯಿಂದ ಪಡುವಣಕ್ಕೆ ನಡೆದು ಅಳ್ವೆಕೋಡಿಯ ಕಡಲದಂಡೆಗೆ ಇಳಿಯಬೇಕು. ಇಳಿತದ ನೀರು ಹಿಂದೆ ಸರಿದ ಒದ್ದೆ ಮರಳಿನ ಮೇಲೆ ಮುಷ್ಟಿಗಾತ್ರದ ಹಕ್ಕಿಗಳು ಓಡಾಡುತ್ತಿರುತ್ತವೆ. ನಾಲ್ಕು ಹೆಜ್ಜೆ ಓಟ, ಗಕ್ಕನೆ ನಿಲುವು, ಮರಳಿಗೊಂದು ಕುಕ್ಕು, ಮತ್ತೆ ಓಟ. ಬಲೆ ಎಳೆಯುವವರು ಹತ್ತಿರ ಬಂದರೆ ಇಡೀ ಹಿಂಡು ಒಮ್ಮೆಲೇ ಎದ್ದು, ನೀರಿನ ಮೇಲೆ ಅರ್ಧಚಂದ್ರದ ಹಾಗೆ ಸುತ್ತಿ, ನೂರು ಮಾರು ಆಚೆ ಇಳಿಯುತ್ತದೆ.

ಪುಸ್ತಕಗಳು ಇದನ್ನು ಸ್ಯಾಂಡ್ ಪ್ಲವರ್ ಎನ್ನುತ್ತವೆ. ನವೆಂಬರಿನಿಂದ ಫೆಬ್ರವರಿಯವರೆಗೆ ಈ ಹಕ್ಕಿಗೆ ಹೆಸರಿಗೆ ತಕ್ಕಂತೆ ಮರಳಿನದೇ ಬಣ್ಣ. ಮೇಲೆ ಬೂದು ಮಿಶ್ರಿತ ಕಂದು, ಕೆಳಗೆ ಬಿಳಿ, ಅಷ್ಟೇ. ಕದಲದಿದ್ದರೆ ಕಣ್ಣಿಗೇ ಬೀಳದು. ಆದರೆ ತೇರಿನ ಹೊತ್ತಿಗೆ ಕೆಲವು ಹಕ್ಕಿಗಳ ಎದೆಯ ಮೇಲೆ ಇಟ್ಟಿಗೆಗೆಂಪು ಹರಡತೊಡಗುತ್ತದೆ. ಕಣ್ಣಿನ ಸುತ್ತ ಕಪ್ಪು ಗಾಢವಾಗುತ್ತದೆ. ಒಂದರ ಎದೆ ಅರ್ಧ ಕೆಂಪಾಗಿದ್ದರೆ ಪಕ್ಕದ್ದಕ್ಕೆ ಈಗಷ್ಟೇ ನಾಲ್ಕು ಗರಿ ಮೂಡಿರುತ್ತವೆ. ಇನ್ನೊಂದು ಪೂರ್ತಿ ಸಜ್ಜಾಗಿ ನಿಂತಿರುತ್ತದೆ.

ಯಕ್ಷಗಾನದ ಬಣ್ಣದ ಮನೆಯಾದ ಚೌಕಿಯನ್ನು ನೋಡಿದವರಿಗೆ ಈ ದೃಶ್ಯ ತೀರಾ ಪರಿಚಿತ. ಕನ್ನಡಿ ಹಿಡಿದು ಸಾಲಾಗಿ ಕುಳಿತವರಲ್ಲಿ ಒಬ್ಬರ ಮುಖಕ್ಕೆ ಅರದಾಳ ಬಿದ್ದಿರುತ್ತದೆ, ಮತ್ತೊಬ್ಬರು ಇಂಗಳೀಕದ ಗೆರೆ ಎಳೆಯುತ್ತಿರುತ್ತಾರೆ, ಮಗದೊಬ್ಬರು ಕಾಡಿಗೆ ತೀಡಿ ಎದ್ದು ನಿಂತಿರುತ್ತಾರೆ. ಈ ಹಕ್ಕಿಗಳ ಆಟ ನಡೆಯುವುದು ಇಲ್ಲಿ ಅಲ್ಲ. ಅವುಗಳ ರಂಗಸ್ಥಳ ಹಿಮಾಲಯದ ಆಚೆ, ಟಿಬೆಟ್ಟಿನ ಎತ್ತರದ ಬಯಲುಗಳಲ್ಲಿದೆ. ಗೂಡು ಕಟ್ಟುವುದು, ಜೊತೆಗಾತಿಯ ಮುಂದೆ ಮೆರೆಯುವುದು, ಮರಿ ಸಾಕುವುದು ಎಲ್ಲವೂ ಅಲ್ಲಿ. ನಮ್ಮ ಅಳ್ವೆಕೋಡಿ ಅವುಗಳ ಚೌಕಿ.

ಊರು ಬಿಟ್ಟು ಕುಣಿಯಲು, ಹಾಡಲು, ನುಡಿಸಲು ಹೊರಡುವ ನಮ್ಮ ಮಕ್ಕಳಿಗೆ ನಾನು ಮೊದಲು ತೋರಿಸುವುದು ಇದನ್ನೇ. ಚೌಕಿಯಲ್ಲಿ ಮಾತ್ರ ನೋಡಿದವರು ವೇಷವನ್ನು ಪೂರ್ತಿ ನೋಡಿದಂತಾಗುವುದಿಲ್ಲ. ರಂಗದ ಮೇಲೆ ಮಾತ್ರ ನೋಡಿದವರಿಗೂ ಅಷ್ಟೇ. ಹಕ್ಕಿಯ ವಿಷಯವೂ ಹೀಗೆಯೇ. ಪರದೇಶಕ್ಕೆ ಹೋಗುವ ಅವಕಾಶ ಸಿಕ್ಕ ಮಗುವಿಗೆ ಎರಡನ್ನೂ ನೋಡುವ ಭಾಗ್ಯವಿದೆ. ಆ ಭಾಗ್ಯ ವ್ಯರ್ಥವಾಗಬಾರದು.

ಎರಡು ತಿರುಗಾಟ, ಒಂದೇ ಪಂಚಾಂಗ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಜನಕ್ಕೆ ತಿರುಗಾಟ ಎಂಬ ಮಾತನ್ನು ವಿವರಿಸಬೇಕಿಲ್ಲ. ಮೇಳಗಳು ದೀಪಾವಳಿಯ ಆಸುಪಾಸಿಗೆ ಗೆಜ್ಜೆ ಕಟ್ಟುತ್ತವೆ, ಊರಿಂದೂರಿಗೆ ಆಟ ಆಡುತ್ತಾ ಸಾಗುತ್ತವೆ, ಮಳೆಗಾಲ ಹಿಡಿಯುವ ಮೊದಲು ಗೆಜ್ಜೆ ಬಿಚ್ಚುತ್ತವೆ. ಕಡಲಿನ ಹಕ್ಕಿಗಳ ಪಂಚಾಂಗವೂ ಹೆಚ್ಚುಕಡಿಮೆ ಇದೇ. ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಮೊದಲ ಹಿಂಡುಗಳು ಬರುತ್ತವೆ. ದೀಪಾವಳಿಯ ಹೊತ್ತಿಗೆ ಅಳಿವೆಗಳು ತುಂಬಿರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಖಾಲಿಯಾಗುತ್ತವೆ. ಮೊದಲ ವರ್ಷದ ಎಳೆಯ ಹಕ್ಕಿಗಳಲ್ಲಿ ಕೆಲವು ಮಾತ್ರ ಉತ್ತರಕ್ಕೆ ಹೋಗದೆ ಇಡೀ ಮಳೆಗಾಲವನ್ನು ಇಲ್ಲೇ ಕಳೆಯುತ್ತವೆ.

ನಮ್ಮ ಕರಾವಳಿಗೆ ಬರುವ ಹಕ್ಕಿಗಳ ದಾರಿಗೆ ಮಧ್ಯ ಏಷ್ಯಾ ಹಾರುದಾರಿ ಎಂದು ಹೆಸರು. ಸೈಬೀರಿಯಾದ ಹಿಮದ ತುದಿಯಿಂದ ಹಿಂದೂ ಮಹಾಸಾಗರದವರೆಗೆ ಮೂವತ್ತು ದೇಶಗಳ ಮೇಲೆ ಹಾಯುವ ದಾರಿ ಅದು. ಹೊರಡುವ ಮೊದಲು ಹಕ್ಕಿ ತಿಂದು ತಿಂದು ಮೈಯಲ್ಲಿ ಕೊಬ್ಬು ತುಂಬಿಸಿಕೊಳ್ಳುತ್ತದೆ. ಹಾರಾಟದ ಬುತ್ತಿ ಅದೇ. ತುಂಬ ದೂರ ಹಾರುವ ಕೆಲವು ಜಾತಿಗಳಲ್ಲಿ ಕರುಳು, ಜಠರಗಳೇ ಹೊರಡುವ ಮೊದಲು ಕುಗ್ಗಿ ಭಾರ ಇಳಿಸಿಕೊಳ್ಳುತ್ತವೆ. ದಾರಿಗೆ ಹಗಲು ಸೂರ್ಯ, ರಾತ್ರಿ ನಕ್ಷತ್ರ, ಜೊತೆಗೆ ಭೂಮಿಯ ಕಾಂತಬಲದ ಅರಿವು. 2022ರ ಅಕ್ಟೋಬರಿನಲ್ಲಿ ಅಲಾಸ್ಕಾದಿಂದ ಹೊರಟ ಬಾರ್-ಟೇಲ್ಡ್ ಗಾಡ್‌ವಿಟ್ ಜಾತಿಯ ಹಕ್ಕಿಯೊಂದು ಎಲ್ಲೂ ಇಳಿಯದೆ ಹನ್ನೊಂದು ದಿನ ಹಾರಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ಮುಟ್ಟಿತು. ಕ್ರಮಿಸಿದ ದಾರಿ 13,560 ಕಿ.ಮೀ. ಅದು ಹುಟ್ಟಿ ಕೆಲವೇ ತಿಂಗಳಾಗಿದ್ದ ಮರಿ.

ಈ ಕೊನೆಯ ಮಾತು ನನ್ನ ಮನಸ್ಸನ್ನು ಬಹಳ ತಟ್ಟುತ್ತದೆ. ಕಡಲತೀರದ ಬಹುತೇಕ ಹಕ್ಕಿಗಳಲ್ಲಿ ದೊಡ್ಡವು ಮೊದಲೇ ಹೊರಟುಬಿಡುತ್ತವೆ. ಮರಿಗಳು ವಾರಗಟ್ಟಲೆ ತಡವಾಗಿ, ಅಪ್ಪ-ಅಮ್ಮ ಯಾರೂ ಜೊತೆಗಿಲ್ಲದೆ, ಕಂಡರಿಯದ ದಾರಿ ಹಿಡಿಯುತ್ತವೆ. ಮೊದಲ ಬಾರಿಗೆ ಮನೆ ಬಿಟ್ಟು ವಿಮಾನ ಹತ್ತುವ ಎಂಟನೇ ಇಯತ್ತೆಯ ಹುಡುಗಿಯ ಕಣ್ಣಲ್ಲಿ ನೀರು ಬಂದಾಗ ನಾನು ಈ ಮರಿಗಳ ಕಥೆಯನ್ನೇ ಹೇಳುತ್ತೇನೆ.

ಪರದೇಶಕ್ಕೆ ಮೇಳ ಒಯ್ಯುವ ಪರಂಪರೆ ನಮ್ಮ ಸೀಮೆಗೆ ಹೊಸದಲ್ಲ. ಹೊನ್ನಾವರ ತಾಲೂಕಿನ ಗುಣವಂತೆಯ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ್ದು 1934ರಲ್ಲಿ. ಅವರ ನಂತರ ಮಗ ಶಂಭು ಹೆಗಡೆ, ಈಗ ಮೊಮ್ಮಗ ಶಿವಾನಂದ ಹೆಗಡೆ ನಡೆಸಿಕೊಂಡು ಬಂದ ಈ ಮೇಳ ಅಮೆರಿಕ, ಫ್ರಾನ್ಸ್, ಚೀನಾ, ಬಾಂಗ್ಲಾದೇಶಗಳವರೆಗೂ ಚಂಡೆಯ ಸದ್ದನ್ನು ಮುಟ್ಟಿಸಿದೆ. ಮೇಳಗಳು ಸಾಮಾನ್ಯವಾಗಿ ಪರದೇಶಕ್ಕೆ ಹೋಗುವುದು ಇಲ್ಲಿಯ ಮಳೆಗಾಲದ ಬಿಡುವಿನಲ್ಲಿ. ಆಗ ಉತ್ತರದ ನಾಡುಗಳಲ್ಲಿ ಬೇಸಿಗೆ. ನಮ್ಮ ದಂಡೆಯಿಂದ ಬಣ್ಣ ಹಚ್ಚಿಕೊಂಡು ಹೋದ ಜಾತಿಯ ಹಕ್ಕಿಗಳು ರಂಗದ ಮೇಲಿರುವ ಕಾಲ ಅದು. ಮಕ್ಕಳ ತಂಡಗಳು ಹೊರಡುವುದು ದಸರಾ ರಜೆಯಲ್ಲಾದರೆ ಇನ್ನೂ ಒಳ್ಳೆಯದು, ಆಗ ಅರ್ಧ ಜಗತ್ತಿನ ಹಕ್ಕಿ ದಾರಿಯಲ್ಲಿರುತ್ತದೆ.

ಕಿವಿ ಪಳಗಿದವರಿಗೆ ಕಣ್ಣು ಸುಲಭ

ಹಕ್ಕಿ ನೋಡುವುದು ಎಂದು ಹೇಳುತ್ತೇವೆ, ಆದರೆ ಅರ್ಧ ಕೆಲಸ ಕಿವಿಯದು. ಎಲೆಗಳ ಮರೆಯಲ್ಲಿರುವ ಹಕ್ಕಿ ಕಾಣುವ ಮೊದಲು ಕೇಳುತ್ತದೆ. ಇಲ್ಲಿ ಸಂಗೀತ ಕಲಿಯುವ ಮಗು ಉಳಿದವರಿಗಿಂತ ಹತ್ತು ಹೆಜ್ಜೆ ಮುಂದೆ. ಭಾಗವತರ ಪದಕ್ಕೆ ಮದ್ದಲೆಯ ಪೆಟ್ಟು ಎಲ್ಲಿ ಬೀಳಬೇಕು ಎಂದು ತಿಂಗಳುಗಟ್ಟಲೆ ಎಣಿಸಿದ ಕಿವಿಗೆ ಹಕ್ಕಿಯ ಲಯ ಸಲೀಸಾಗಿ ಸಿಗುತ್ತದೆ.

ನಮ್ಮ ತೋಟಗಳ ಕುಟ್ರಹಕ್ಕಿ 'ಕುಟ್ರೂ ಕುಟ್ರೂ' ಎಂದು ಮೊದಲು ತಡವರಿಸಿ, ಆಮೇಲೆ ಒಂದು ಗತಿಗೆ ಬಂದು ನಿಮಿಷಗಟ್ಟಲೆ ಬಿಡದೆ ಕೂಗುತ್ತದೆ. ಅದರ ಹತ್ತಿರದ ನೆಂಟ, ಎದೆಯ ಮೇಲೆ ಕೆಂಪು ಬೊಟ್ಟಿರುವ ಪುಟ್ಟ ಕುಟ್ರ, ಕಂಚುಗಾರ ಸುತ್ತಿಗೆ ಬಡಿದಂತೆ 'ಟೊಂಕ್ ಟೊಂಕ್' ಎನ್ನುತ್ತದೆ. ಲಯ ಚೂರೂ ಹೆಚ್ಚುಕಡಿಮೆಯಾಗದು. ತಾಳ ಹಿಡಿದು ಅದರ ಜೊತೆ ಎಣಿಸಿ ನೋಡಿ ಎಂದು ಮಕ್ಕಳಿಗೆ ಹೇಳಿದರೆ ಹತ್ತೇ ನಿಮಿಷದಲ್ಲಿ ಆ ಹಕ್ಕಿ ಜೀವಮಾನಕ್ಕಾಗುವಷ್ಟು ಕಿವಿಯಲ್ಲಿ ಕೂರುತ್ತದೆ. ಮಡಿವಾಳ ಹಕ್ಕಿಯದು ಬೇರೆಯೇ ಕ್ರಮ. ಫೆಬ್ರವರಿ ಕಳೆಯುತ್ತಿದ್ದಂತೆ ಮನೆಯ ಮಾಡಿನ ತುದಿಯಲ್ಲೋ ಗೇರುಮರದ ಮೇಲೋ ಕೂತು ನಸುಕಿನಲ್ಲಿ ಹಾಡುತ್ತದೆ. ಒಂದು ಸಾಲನ್ನು ಎರಡು ಮೂರು ಸಲ ಹೇಳಿ, ಕೊನೆಯಲ್ಲಿ ತುಸು ತಿರುವಿ, ಹೊಸ ಸಾಲು ಹಿಡಿಯುತ್ತದೆ. ಘಟ್ಟದ ಹಳ್ಳಗಳ ಬಳಿ ಶಿಳ್ಳೆ ಹೊಡೆಯುವ ಹಕ್ಕಿಯನ್ನು ಕೇಳಿದರೆ ಯಾರೋ ಪೋರ ಗೊತ್ತುಗುರಿಯಿಲ್ಲದೆ ರಾಗ ಹುಡುಕುತ್ತಾ ನಡೆದಿದ್ದಾನೆ ಎಂದೇ ಅನಿಸುತ್ತದೆ.

ನನ್ನ ಪದ್ಧತಿ ಇಷ್ಟೇ. ಪ್ರವಾಸಕ್ಕೆ ಒಂದು ತಿಂಗಳು ಇರುವಾಗ ಪ್ರತಿ ಮಗುವೂ ಮನೆಯ ಸುತ್ತಲಿನ ಹತ್ತು ಹಕ್ಕಿಗಳನ್ನು ಆರಿಸಿಕೊಳ್ಳಬೇಕು. ಕಾಗೆ, ಗೊರವಂಕ, ಮಡಿವಾಳ, ಪಿಕಳಾರ, ಕೆಂಬೂತ, ಬೆಳ್ಳಕ್ಕಿ, ಮಿಂಚುಳ್ಳಿ, ಗರುಡ, ಕೋಗಿಲೆ, ಕುಟ್ರ ಆದರೂ ಸಾಕು. ದಿನಕ್ಕೆ ಕಾಲು ಗಂಟೆ ನೋಡಿ, ಕೇಳಿ, ಬರೆಯಬೇಕು. ಗಾತ್ರಕ್ಕೆ ಅಳತೆಗೋಲು ಕಾಗೆ, ಗೊರವಂಕ, ಗುಬ್ಬಿ ಈ ಮೂರು. ಹೊಸ ಹಕ್ಕಿ ಕಂಡರೆ ಇವುಗಳಲ್ಲಿ ಯಾವುದಕ್ಕಿಂತ ದೊಡ್ಡದು, ಯಾವುದಕ್ಕಿಂತ ಸಣ್ಣದು ಎಂದು ಮೊದಲು ಬರೆಯಬೇಕು. ಶ್ರುತಿ ಕೂಡಿಸದೆ ಹಾಡು ಹಿಡಿಯಲಾಗದು. ಮನೆಯಂಗಳದ ಹತ್ತು ಹಕ್ಕಿ ಆ ಶ್ರುತಿ.

ಸಿಂಗಪುರದಲ್ಲಿ ಏಳು ಪೆಟ್ಟು

ಒಂದು ದಸರಾ ರಜೆಯಲ್ಲಿ ಶಾಲಾ ಮಕ್ಕಳ ತಂಡವೊಂದಕ್ಕೆ ಜೊತೆಗಾರನಾಗಿ ಸಿಂಗಪುರಕ್ಕೆ ಹೋಗಿದ್ದೆ. ಐದು ದಿನ, ಮೂರು ಕಾರ್ಯಕ್ರಮ. ಎಲ್ಲವೂ ಸಂಜೆ. ಬೆಳಗು ನಮ್ಮದೇ. ಅಲ್ಲಿ ಸೂರ್ಯ ಹುಟ್ಟುವುದೇ ಏಳರ ಹೊತ್ತಿಗೆ. ಎರಡನೆಯ ದಿನ ತಿಂಡಿಯ ಅಂಗಡಿಗಳ ಚಾವಡಿಯಲ್ಲಿ ಕೂತಿದ್ದಾಗ ಬೆಂಚಿನ ಕೆಳಗೆ ಗೊರವಂಕಗಳು ಪರೋಟದ ಚೂರಿಗೆ ಜಗಳವಾಡುತ್ತಿದ್ದವು. ಮಕ್ಕಳು ಹಳೆಯ ನೆಂಟರನ್ನು ಕಂಡಂತೆ ಖುಷಿಪಟ್ಟರು. ಮದ್ದಲೆ ಕಲಿಯುತ್ತಿದ್ದ ಒಬ್ಬ ಹುಡುಗಿ ಮಾತ್ರ ಕದಲದೆ ನೋಡುತ್ತಿದ್ದಳು.

"ಮಾಸ್ತರ್ರೆ, ಇದರ ಕಣ್ಣಿನ ಸುತ್ತ ಹಳದಿ ಚರ್ಮ ಇಲ್ಲ. ಮೈ ಕಂದಲ್ಲ, ಕಪ್ಪು ಬೂದಿ. ಮೂಗಿನ ಮೇಲೆ ಜುಟ್ಟು ಉಂಟು. ಇದು ನಮ್ಮೂರ ಗೊರವಂಕ ಅಲ್ಲ."

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಅದು ಜಾವಾ ಗೊರವಂಕ. ಪಂಜರದ ಹಕ್ಕಿ ವ್ಯಾಪಾರದಲ್ಲಿ 1925ರ ಆಸುಪಾಸಿಗೆ ಸಿಂಗಪುರಕ್ಕೆ ಬಂದು, ತಪ್ಪಿಸಿಕೊಂಡು, ಹಬ್ಬಿ, ನಮ್ಮ ಗೊರವಂಕವನ್ನು ಮೂಲೆಗೆ ಸರಿಸಿದೆ. ಆದರೆ ಅದರ ಸ್ವಂತ ನೆಲವಾದ ಜಾವಾದಲ್ಲಿ ಹಿಡಿದು ಮಾರಿ ಮಾರಿ ಈಗ ಅದಕ್ಕೇ ಕುತ್ತು ಬಂದಿದೆ. ಒಂದೂರಲ್ಲಿ ಬೀದಿಗೊಂದು ಹಿಂಡು, ಹುಟ್ಟೂರಲ್ಲಿ ಉಳಿವಿನ ಚಿಂತೆ. ಈ ಸಂಗತಿಯನ್ನು ಕೇಳಿ ಮಕ್ಕಳು ಬಹಳ ಹೊತ್ತು ಮೌನವಾದರು.

ಅಲ್ಲಿ ಕೇಳಿದ ಕೋಗಿಲೆಯ ಕೂಗಿಗೂ ಒಂದು ಕಥೆಯಿದೆ. ಕಾಫಿ ತೋಟದ ಕಂಬಳಿಹುಳ ತಿನ್ನಲೆಂದು 1890ರ ದಶಕದಲ್ಲಿ ಸಿಂಹಳದಿಂದ ಮಲೇಷ್ಯಾದ ಕ್ಲಾಂಗಿಗೆ ಊರಕಾಗೆಗಳನ್ನು ಒಯ್ದರು. ಕಾಗೆ ಹಬ್ಬಿ ಸಿಂಗಪುರವನ್ನೂ ಮುಟ್ಟಿತು. ಕಾಗೆಯ ಗೂಡು ಸಿಕ್ಕ ಮೇಲೆ ಕೋಗಿಲೆಯೂ ನೆಲೆಯೂರಿತು. ಕೆಂಪು ಬೊಟ್ಟಿನ ಪುಟ್ಟ ಕುಟ್ರ ಅಲ್ಲಿಯ ರಸ್ತೆಬದಿಯ ಮರದಲ್ಲಿ ಅದೇ 'ಟೊಂಕ್ ಟೊಂಕ್' ಲಯ ಹಿಡಿದಿತ್ತು. ನಮ್ಮ ಮಾಡಿನ ಮೇಲಿನ ಮಡಿವಾಳ ಮಾತ್ರ ಅಲ್ಲಿ ಅಪರೂಪ. ಅದರ ಇಂಪಾದ ದನಿಯೇ ಅದಕ್ಕೆ ಮುಳುವಾಗಿ, ಪಂಜರಕ್ಕೆಂದು ಹಿಡಿದು ಸಿಂಗಪುರದಲ್ಲಿ ಹೆಚ್ಚುಕಡಿಮೆ ಇಲ್ಲವಾಗಿಸಿದ್ದರು. ಮತ್ತೆ ಪ್ರಯತ್ನಪಟ್ಟು ನೆಲೆಗೊಳಿಸಬೇಕಾಯಿತು. ಇದೇ ಹಕ್ಕಿ ಬಾಂಗ್ಲಾದೇಶದಲ್ಲಿ ದೊಯೆಲ್ ಎಂಬ ಹೆಸರಿನಿಂದ ರಾಷ್ಟ್ರಪಕ್ಷಿ. ದಿನವೂ ಪುಕ್ಕಟೆ ಕಚೇರಿ ಕೊಡುವ ಹಕ್ಕಿಯ ಬೆಲೆ ಮಕ್ಕಳಿಗೆ ಅರಿವಾದದ್ದು ಅದು ಕಾಣದ ಊರಿನಲ್ಲಿ.

ಕೊನೆಯ ದಿನದ ಅರ್ಧ ಹಗಲು ಸುಂಗೈ ಬುಲೋಹ್ ಎಂಬ ಕಾಂಡ್ಲಾ ಕಾಡಿಗೆ ಹೋದೆವು. ನಗರದ ಉತ್ತರದ ಅಂಚಿನಲ್ಲಿ, ಮಲೇಷ್ಯಾದ ಕಡೆ ಮುಖಮಾಡಿರುವ ರಕ್ಷಿತ ತಾಣ ಅದು. ಮರದ ಸೇತುವೆ, ನೋಡಲು ಮರೆಕಟ್ಟೆ, ಎದುರಿಗೆ ಕೆಸರಿನ ಬಯಲು. ಎಲ್ಲರೂ ಸುಮ್ಮನೆ ನಿಂತಿದ್ದಾಗ ಆಕಾಶದಿಂದ ಒಂದು ನಡುಗುವ ಸಿಳ್ಳು ಬಂತು. ಅದೇ ಹುಡುಗಿ ತೊಡೆಯ ಮೇಲೆ ಬೆರಳು ತಟ್ಟುತ್ತಿದ್ದಳು. "ಏಳು ಪೆಟ್ಟು," ಅಂದಳು. "ಅಘನಾಶಿನಿಯಲ್ಲಿ ಕೇಳಿದ್ದು ಇದೇ."

ಹೌದು, ಅದು ವಿಂಬ್ರೆಲ್. ಕೆಳಕ್ಕೆ ಬಾಗಿದ ಉದ್ದ ಕೊಕ್ಕಿನ, ನೆತ್ತಿಯ ಮೇಲೆ ಪಟ್ಟೆಯಿರುವ ಹಕ್ಕಿ. ಒಂದೇ ಮಟ್ಟದ ಸುಮಾರು ಏಳು ಸಿಳ್ಳನ್ನು ಒಂದೇ ಉಸಿರಿನಲ್ಲಿ ಊದುವುದು ಅದರ ಗುರುತು. ತಿಂಗಳ ಹಿಂದೆ ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಅದು ಏಡಿ ಹಿಡಿಯುವುದನ್ನು ಮಕ್ಕಳು ನೋಡಿದ್ದರು. ಬಿಲದ ಆಕಾರಕ್ಕೇ ಹೊಂದುವಂತಿದ್ದ ಆ ಬಾಗಿದ ಕೊಕ್ಕನ್ನು ಒಳಗೆ ತೂರಿಸಿ, ತಿರುವಿ, ಏಡಿಯನ್ನು ಎಳೆದು ತೆಗೆದು, ಕೊಡವಿ ಕಾಲುಗಳನ್ನು ಉದುರಿಸಿ, ಮೈಯನ್ನು ಮಾತ್ರ ನುಂಗಿತ್ತು. ಸಾವಿರಾರು ಮೈಲಿ ಆಚೆಯ ಕೆಸರಿನಲ್ಲಿ ಅದೇ ಕೆಲಸ ಅದೇ ಕ್ರಮದಲ್ಲಿ ನಡೆಯುತ್ತಿತ್ತು. ಆ ಹೊತ್ತಿನಿಂದ ಮಕ್ಕಳಿಗೆ ಸಿಂಗಪುರ ಪರಊರು ಅನಿಸಲಿಲ್ಲ.

ಕೊಲ್ಲಿಯಿಂದ ಅಟ್ಲಾಂಟಿಕ್‌ವರೆಗೆ

ಭಟ್ಕಳದ ಮನೆಮನೆಗೂ ದುಬೈಯ ನಂಟಿದೆ. ಕೊಲ್ಲಿಯ ಊರುಗಳಲ್ಲಿ ಯಕ್ಷಗಾನ ಕಲಿಯುವ ಮಕ್ಕಳೂ ಇದ್ದಾರೆ. ಅಲ್ಲಿಗೆ ಹೋದ ತಂಡ ದುಬೈ ನಗರದ ನಡುವೆಯೇ ಇರುವ ರಾಸ್ ಅಲ್ ಖೋರ್ ತಾಣವನ್ನು ನೋಡದೆ ಬರಬಾರದು. ಗಗನಚುಂಬಿ ಕಟ್ಟಡಗಳ ಸಾಲಿನ ಮುಂದೆ ಆಳವಿಲ್ಲದ ನೀರಿನಲ್ಲಿ ನೂರಾರು ರಾಜಹಂಸಗಳು ತಲೆ ತಗ್ಗಿಸಿ ಮೇಯುತ್ತಿರುತ್ತವೆ. 2007ರಲ್ಲಿ ಅದು ರಾಮ್ಸರ್ ತಾಣವಾಯಿತು, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ಪಟ್ಟಿ ಸೇರಿತು. ಅಲ್ಲಿಯ ಕಾಗೆಯೂ ನಮ್ಮ ಊರಕಾಗೆಯೇ, ಹಡಗುಗಳ ಬೆನ್ನು ಹಿಡಿದು ಕೊಲ್ಲಿಯ ಬಂದರುಗಳಿಗೆ ಹಬ್ಬಿದ್ದು. ಪಿತೃಪಕ್ಷದಲ್ಲಿ ಕಾಗೆಗಾಗಿ ಕಾಯುವ ಕುಟುಂಬಗಳಿಗೆ ಅಲ್ಲಿ ಅದು ಸಿಗುತ್ತದೆ.

ಇಂಗ್ಲೆಂಡಿಗೆ ಬೇಸಿಗೆಯಲ್ಲಿ ಹೋದವರು ಲಂಡನ್ನಿನ ಉದ್ಯಾನಗಳಲ್ಲಿ ಕೀಚೆನ್ನುವ ಹಸಿರು ಗಿಳಿಗಳನ್ನು ಕಂಡು ಬೆರಗಾಗುತ್ತಾರೆ. ಕೊರಳಿಗೆ ಗುಲಾಬಿ ಪಟ್ಟಿ ಇರುವ ನಮ್ಮ ಗಿಳಿಯೇ ಅದು, ಪಂಜರದಿಂದ ಹೊರಬಿದ್ದು ಸಂಸಾರ ಹೂಡಿದ್ದು. ಅದಕ್ಕಿಂತ ನನಗೆ ಹೆಚ್ಚು ಇಷ್ಟವಾಗುವ ಗುರುತು ಬೇರೊಂದಿದೆ. ಸೆಪ್ಟೆಂಬರಿನಲ್ಲಿ ನಮ್ಮ ಅಡಿಕೆ ತೋಟದ ಕಾಲುವೆಗಳ ಬಳಿ ಬಾಲ ಕುಣಿಸುತ್ತಾ ಇಳಿಯುವ ಬೂದು ಸಿಪಿಲೆ ಅಲ್ಲಿಯ ಹಳ್ಳಗಳ ಕಲ್ಲುಸಂದಿಯಲ್ಲಿ ಗೂಡು ಕಟ್ಟುತ್ತದೆ. ಇಲ್ಲಿ ಗಂಟಲು ಬಿಳಿ ಇರುವ ಗಂಡಿಗೆ ಅಲ್ಲಿ ಬೇಸಿಗೆಯಲ್ಲಿ ಕರಿಗಂಟಲು. ಅಲ್ಲಿಯ ಸಿಪಿಲೆಯೇ ಇಲ್ಲಿಗೆ ಬರುವುದಲ್ಲ. ನಮ್ಮಲ್ಲಿಗೆ ಬರುವವು ಹಿಮಾಲಯ ಮತ್ತು ಉತ್ತರ ಏಷ್ಯಾದವು. ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕೂರುವ ಅಂಬರಗುಬ್ಬಿಯೂ ಹೀಗೆಯೇ. ಇಂಗ್ಲೆಂಡಿನ ಕೊಟ್ಟಿಗೆಯಲ್ಲಿ ಹುಟ್ಟಿದ್ದು ಚಳಿಗಾಲಕ್ಕೆ ದಕ್ಷಿಣ ಆಫ್ರಿಕಾಕ್ಕೆ ಹೋಗುತ್ತದೆ. ಹಿಮಾಲಯದ ಆಚೆ ಹುಟ್ಟಿದ್ದು ನಮ್ಮಲ್ಲಿಗೆ ಬರುತ್ತದೆ. ಒಂದೇ ಪ್ರಸಂಗವನ್ನು ಬೇರೆ ಬೇರೆ ಮೇಳಗಳು ಬೇರೆ ಬೇರೆ ದಾರಿಯಲ್ಲಿ ಆಡಿದಂತೆ.

ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ಅಕ್ಕ ಎರಡು ವರ್ಷಕ್ಕೊಮ್ಮೆ ನಡೆಸುವ ವಿಶ್ವ ಕನ್ನಡ ಸಮ್ಮೇಳನಕ್ಕೆ ಕರ್ನಾಟಕದಿಂದ ಕಲಾವಿದರು ಹೋಗುತ್ತಾರೆ. 2016ರ ಸಮ್ಮೇಳನ ನಡೆದದ್ದು ಸೆಪ್ಟೆಂಬರ್ ಮೊದಲ ವಾರ, ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ. ಸಭಾಂಗಣದಿಂದ ಹೊರಬಂದು ಕೊಲ್ಲಿಯ ಆಚೆ ನೋಡಿದರೆ ಹರಡಿಕೊಂಡಿರುವುದು ಎಡ್ವಿನ್ ಬಿ. ಫೋರ್ಸಿತ್ ವನ್ಯಜೀವಿ ಧಾಮ. ಉಪ್ಪುನೀರಿನ ಜೌಗಿನ ನಡುವೆ ಸುಮಾರು 13 ಕಿ.ಮೀ. ಸುತ್ತುದಾರಿ. ಸೆಪ್ಟೆಂಬರ್ ಮೊದಲ ವಾರವೆಂದರೆ ಅಲ್ಲಿ ದಕ್ಷಿಣಕ್ಕೆ ಹೊರಟ ಹಕ್ಕಿಗಳ ಜಾತ್ರೆ. ನಮ್ಮ ಕಡೆಯ ಮಗು ಅಲ್ಲಿ ನಿಂತರೆ ಮೊದಲು ಗುರುತಿಸುವುದು ದೊಡ್ಡ ಬೆಳ್ಳಕ್ಕಿಯನ್ನು. ಆಮೇಲೆ ಆಕಾಶದಿಂದ ಕಾಲು ಮುಂದೆ ಚಾಚಿ ನೀರಿಗೆ ಧುಮುಕುವ, ಮೀನನ್ನೇ ನಂಬಿ ಬದುಕುವ ಆಸ್ಪ್ರೆ ಗಿಡುಗವನ್ನು. ಶರಾವತಿಯ ಅಳಿವೆಗೆ ಚಳಿಗಾಲದಲ್ಲಿ ಬರುವ ಜಾತಿಯೇ ಅದು. ಹಿಡಿದ ಮೀನಿನ ತಲೆ ಗಾಳಿಗೆ ಎದುರಾಗುವಂತೆ ತಿರುಗಿಸಿಕೊಂಡು ಒಯ್ಯುವುದನ್ನು ಎರಡೂ ಊರುಗಳಲ್ಲಿ ನೋಡಬಹುದು.

ವಾಹನ ನಿಲ್ಲಿಸುವ ಬಯಲಿನಲ್ಲಿ ಗುಬ್ಬಚ್ಚಿಯೂ ಕಾಣುತ್ತದೆ. ನಮ್ಮ ಪೇಟೆಗಳಲ್ಲಿ ಹುಡುಕಬೇಕಾದ ಗುಬ್ಬಿ ಅಲ್ಲಿ ಬೇಡವೆಂದರೂ ಇದೆ. 1850ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ತಂದು ಬಿಟ್ಟ ಗುಬ್ಬಿಗಳ ಸಂತತಿ ಅಲ್ಲಿಂದ ಮುಂದೆ ಖಂಡವನ್ನೇ ಆವರಿಸಿತು. ಮನುಷ್ಯ ಹಡಗಿನಲ್ಲಿ ಒಯ್ದ ಹಕ್ಕಿ ಬೇರೆ, ತಾನೇ ರೆಕ್ಕೆ ಬೀಸಿ ಹೋದ ಹಕ್ಕಿ ಬೇರೆ. ಈ ವ್ಯತ್ಯಾಸ ಮಕ್ಕಳಿಗೆ ಮನದಟ್ಟಾದರೆ ಜೀವಜಗತ್ತಿನ ದೊಡ್ಡದೊಂದು ಪಾಠ ಆದಂತೆ.

ಪೆಟ್ಟಿಗೆಯಲ್ಲಿ ಏನಿರಲಿ

ಸಲಕರಣೆ ದೊಡ್ಡದೇನೂ ಬೇಡ. ತಂಡಕ್ಕೆ ಎರಡು ದುರ್ಬೀನು ಸಾಕು. 8x42 ಎಂದು ಬರೆದಿದ್ದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿ.ಮೀ. ಎಂದರ್ಥ. ಗಾಜು ಅಗಲವಿದ್ದಷ್ಟೂ ನಸುಕಿನ ಮಂದ ಬೆಳಕಿನಲ್ಲಿ ಚಿತ್ರ ತಿಳಿಯಾಗುತ್ತದೆ. ಹತ್ತು ಹನ್ನೆರಡು ಪಟ್ಟಿನದು ಮಕ್ಕಳ ಕೈಯಲ್ಲಿ ನಡುಗುತ್ತದೆ, ಬೇಡ. ಜೇಬಿಗೊಂದು ಪುಟ್ಟ ಪಟ್ಟಿ, ಒಂದು ಸೀಸದ ಕಡ್ಡಿ. ತಾರೀಕು, ಜಾಗ, ಹೊತ್ತು, ಕಂಡದ್ದು, ಕೇಳಿದ್ದು ಐದನ್ನೂ ಬರೆಯಬೇಕು. ಊರಿಗೆ ಬಂದ ಮೇಲೆ ಇ-ಬರ್ಡ್‌ನಂಥ ತಾಣಕ್ಕೆ ಸೇರಿಸಿದರೆ ಮಕ್ಕಳ ಟಿಪ್ಪಣಿ ವಿಜ್ಞಾನಿಗಳ ಕೆಲಸಕ್ಕೂ ಬರುತ್ತದೆ. ಹಕ್ಕಿಯ ಕಾಲಲ್ಲಿ ಬಳೆ ಕಂಡರೆ ಅದರ ಬಣ್ಣ, ಅಂಕಿ, ಯಾವ ಕಾಲು ಎಂದು ಮರೆಯದೆ ಬರೆಯಬೇಕು. ಅದು ಹಕ್ಕಿಯ ಗೆಜ್ಜೆ. ಎಲ್ಲಿಂದ ಹೊರಟು ಎಲ್ಲಿಗೆ ಬಂತು ಎಂಬುದು ಅದರಿಂದ ತಿಳಿಯುತ್ತದೆ.

ಹೊತ್ತಿನ ಪ್ರಶ್ನೆಗೆ ಉತ್ತರ ಪ್ರಯಾಣವೇ ಕೊಡುತ್ತದೆ. ಅಮೆರಿಕಕ್ಕೆ ಹೋದವರಿಗೆ ಮೊದಲ ಕೆಲವು ದಿನ ಬೆಳಗಿನ ಮೂರು, ನಾಲ್ಕಕ್ಕೇ ಎಚ್ಚರವಾಗುವುದುಂಟು. ಹಾಸಿಗೆಯಲ್ಲಿ ಹೊರಳಾಡುವ ಬದಲು ದೊಡ್ಡವರೊಬ್ಬರ ಜೊತೆ ಬೆಳಕು ಹರಿಯುವ ಹೊತ್ತಿಗೆ ಹೊರಗೆ ನಿಂತರೆ ಹಕ್ಕಿಗಳ ಅತ್ಯುತ್ತಮ ಗಳಿಗೆ ಸಿಕ್ಕಿಬಿಡುತ್ತದೆ. ಕಾರ್ಯಕ್ರಮದ ದಿನ ಮಾತ್ರ ಒಂದು ಗಂಟೆ ಮೀರಬಾರದು. ಹಾಡುವ ಕೊರಳಿಗೂ ಕುಣಿಯುವ ಕಾಲಿಗೂ ವಿಶ್ರಾಂತಿ ಬೇಕು.

ಕಾನೂನಿನ ಮಾತೂ ಹೇಳಲೇಬೇಕು. ಬಿದ್ದ ಗರಿ ಎತ್ತಿ ಪುಸ್ತಕದೊಳಗೆ ಇಡುವುದು ನಮ್ಮ ಮಕ್ಕಳ ಅಭ್ಯಾಸ. ಅಮೆರಿಕದಲ್ಲಿ 1918ರ ವಲಸೆ ಹಕ್ಕಿ ಕಾಯ್ದೆಯ ಪ್ರಕಾರ ಅಲ್ಲಿಯ ಬಹುತೇಕ ಕಾಡುಹಕ್ಕಿಗಳ ಒಂದು ಗರಿಯನ್ನೂ ಇಟ್ಟುಕೊಳ್ಳುವಂತಿಲ್ಲ. ಕೃಷ್ಣನ ವೇಷಕ್ಕೆ ನವಿಲುಗರಿ ಬೇಕೆನಿಸುತ್ತದೆ, ಆದರೆ ನವಿಲುಗರಿಯನ್ನು ದೇಶದ ಹೊರಗೆ ರಫ್ತು ಮಾಡಲು ನಮ್ಮಲ್ಲೇ ನಿಷೇಧವಿದೆ. ಬಟ್ಟೆಯಲ್ಲೋ ಕಾಗದದಲ್ಲೋ ಮಾಡಿದ ಗರಿ ಒಯ್ಯುವುದು ಲೇಸು. ಚಂಡೆ, ಮದ್ದಲೆಗಳಿಗೆ ಚರ್ಮದ ಮುಚ್ಚಿಗೆ ಇರುವುದರಿಂದ ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಇಳಿದ ಕೂಡಲೇ ತಿಳಿಸಬೇಕು. ಉಡದ ಚರ್ಮದ ಖಂಜಿರವನ್ನಂತೂ ಮುಟ್ಟಲೇಬಾರದು, ಉಡ ನಮ್ಮ ಕಾನೂನಿನಡಿ ರಕ್ಷಿತ ಪ್ರಾಣಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಹಕ್ಕಿಯನ್ನು ಕರೆಯುವುದೂ ತಪ್ಪು. ಮರಿಗೆ ತುತ್ತು ಕೊಡಬೇಕಾದ ಹಕ್ಕಿ ಇಲ್ಲದ ಎದುರಾಳಿಯನ್ನು ಹುಡುಕುತ್ತಾ ಹೊತ್ತು ಕಳೆದುಕೊಳ್ಳುತ್ತದೆ.

ಎಣ್ಣೆ ಹಚ್ಚಿ ಬಣ್ಣ ಒರೆಸಿದ ಮೇಲೆ

ಪರದೇಶದಿಂದ ಮರಳಿದ ಮಕ್ಕಳನ್ನು ನಾನು ಮತ್ತೆ ಅಘನಾಶಿನಿಗೆ ಕರೆದೊಯ್ಯುತ್ತೇನೆ. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ, ಒಂದೂ ಅಣೆಕಟ್ಟಿಲ್ಲದೆ ಹರಿದು ಕುಮಟಾ ತಾಲೂಕಿನಲ್ಲಿ ಕಡಲು ಸೇರುವ ಹೊಳೆ ಅದು. ಸಿಹಿನೀರು ತಡೆಯಿಲ್ಲದೆ ಬರುವುದರಿಂದಲೇ ಅದರ ಅಳಿವೆಯಲ್ಲಿ ಚಿಪ್ಪಿಕಲ್ಲು, ಸಿಗಡಿ, ಏಡಿ ಸಮೃದ್ಧ. ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. ಹೆಂಗಸರು ಮೊಣಕಾಲುದ್ದದ ನೀರಿನಲ್ಲಿ ಚಿಪ್ಪಿ ಹೆಕ್ಕುವಾಗ ಇಪ್ಪತ್ತು ಮಾರು ಆಚೆ ವಿಂಬ್ರೆಲ್ ಏಡಿ ಹೆಕ್ಕುತ್ತದೆ. ಇಬ್ಬರ ಅನ್ನವೂ ಒಂದೇ ಕೆಸರಿನಲ್ಲಿದೆ. 2024ರ ಜನವರಿಯಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿ ಸೇರಿತು. ದುಬೈಯ ರಾಸ್ ಅಲ್ ಖೋರ್ ಇರುವ, ನ್ಯೂಜೆರ್ಸಿಯ ಫೋರ್ಸಿತ್ ಇರುವ ಪಟ್ಟಿ ಅದೇ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯ ಬಂಡೆಗಳ ಮೇಲೆ ಗೂಡು ಕಟ್ಟುವ ಬಿಳಿಹೊಟ್ಟೆಯ ಕಡಲಹದ್ದನ್ನು ಮಕ್ಕಳು ಸಿಂಗಪುರದ ಆಕಾಶದಲ್ಲೂ ನೋಡಿದ್ದರು. ಅಲ್ಲಿ ಮರೆಕಟ್ಟೆಯ ಹಿಂದೆ ದನಿ ತಗ್ಗಿಸಿ ನಿಂತ ಮಕ್ಕಳು ಇಲ್ಲಿ ಹಿಂಡಿನ ಮೇಲೆ ಕಲ್ಲೆಸೆಯುವವರನ್ನು ಕಂಡರೆ ಈಗ ತಾವಾಗಿಯೇ ಹೋಗಿ ಬೇಡ ಎನ್ನುತ್ತಾರೆ.

ಹಕ್ಕಿಯ ಕಡೆಯಿಂದ ನೋಡಿದರೆ ನಮ್ಮೂರೇ ಪರದೇಶ. ಟಿಬೆಟ್ಟಿನಿಂದಲೋ ಸೈಬೀರಿಯಾದಿಂದಲೋ ಬರುವ ಈ ಕಲಾವಿದರಿಗೆ ಆತಿಥೇಯರು ನಾವು. ನಮ್ಮ ಮಕ್ಕಳು ಹೊರನಾಡಿಗೆ ಹೋದಾಗ ಬಿಡಾರ, ಊಟ, ಬಣ್ಣ ಹಚ್ಚಲೊಂದು ತಾವು ಎಲ್ಲವನ್ನೂ ಅಲ್ಲಿಯ ಕನ್ನಡ ಮನೆಗಳು ಅಕ್ಕರೆಯಿಂದ ಒದಗಿಸುತ್ತವೆ. ಹಕ್ಕಿ ನಮ್ಮಿಂದ ಕೇಳುವುದೂ ಅದನ್ನೇ. ಕಸವಿಲ್ಲದ ದಂಡೆ, ತುಂಬಿ ಮುಚ್ಚದ ಗಜನಿ, ಕಡಿಯದ ಕಾಂಡ್ಲಾ.

ಸೆಪ್ಟೆಂಬರಿನ ಒಂದು ಬೆಳಗು ಅಳ್ವೆಕೋಡಿಯ ದಂಡೆಗೆ ಮತ್ತೆ ಬನ್ನಿ. ಮರಳಿ ಬಂದ ಮೊದಲ ಸ್ಯಾಂಡ್ ಪ್ಲವರ್‌ಗಳು ಮಳೆಗಾಲದ ನೊರೆಯ ಅಂಚಿನಲ್ಲಿ ಓಡುತ್ತಿರುತ್ತವೆ. ಎದೆಯ ಕೆಂಪು ಅಲ್ಲಲ್ಲಿ ಮಾಸಿದೆ, ಗರಿಯ ಅಂಚು ಸವೆದಿದೆ, ಕಣ್ಣಿನ ಸುತ್ತ ಕಪ್ಪಿನ ನೆರಳು ಮಾತ್ರ ಉಳಿದಿದೆ. ರಾತ್ರಿಯಿಡೀ ಕುಣಿದು, ಬೆಳಗಿನ ಜಾವ ತೆಂಗಿನೆಣ್ಣೆ ಹಚ್ಚಿ ಮುಖ ಒರೆಸಿಕೊಂಡ ವೇಷಧಾರಿಯ ಕಿವಿಯ ಹಿಂದೆ ಇನ್ನೂ ತುಸು ಇಂಗಳೀಕ ಉಳಿದಿರುವ ಹಾಗೆ. ಆಟ ಮುಗಿಸಿ ಬಂದಿವೆ. ಗದ್ದಲ ಮಾಡದೆ ದೂರ ನಿಂತು ನೋಡೋಣ.